ಅವರವರ ಸಾವು ಅವರವರ ಮನೆಗೆ

ಸೆಪ್ಟೆಂಬರ್ 8, ಬೆಳಿಗ್ಗೆ

ಕೇಬಲ್ ಕಂಟ್ರೋಲ್ ರೂಮ್ ಬೀಗ ತೆಗೆದೆ. ಮಷಿನ್ ಎರಡೂ ಬೆಂಕಿಯಂತೆ ಬಿಸಿ. ಫ್ಯಾನ್ ಅವುಗಳ ಕಡೆ ತಿರುಗಿಸಿಟ್ಟೆ. ಮೇಲಿನ ಓಣಿಯಲ್ಲಿ ಮೂರು ಮನೆಗೆ ಚಿತ್ರ ಬರುತ್ತಿಲ್ಲ — ಕೋತಿ ಜಿಗಿದು ವೈರ್ ಕಿತ್ತಿವೆ. ಚಿಕ್ಕಪ್ಪನ ಮಗ ದುರ್ಗೇಶನನ್ನು ಕಂಬಕ್ಕೆ ಕಳಿಸಿದೆ. ಹದಿನಾಲ್ಕು ವರ್ಷದಿಂದ ಲೈನ್ ನೋಡುವವನು ಅವನೇ.

ಒಂಬತ್ತಕ್ಕೆ ಗೌಡರ ಆಳು ಬಂದ. ಕೈಯಲ್ಲಿ ಫೋಟೋ, ಚೀಟಿ. ವಾಪಸ್ ಕಳಿಸಿದೆ. ಹತ್ತಕ್ಕೆ ಗೌಡರ ಹಾಲಸಿದ್ದಪ್ಪನೇ ಬಂದ. ಮುಖ ಉಬ್ಬಿಸಿಕೊಂಡು.

"ಆಳಿನ ಕೈಯಾಗ ಕಳಿಸಿದ್ನಲ್ಲವಾ. ಹಾಕಿದ್ರ ಏನಾಕ್ಕಿತ್ತು?"

"ಮನಿಯವರ ಬರಬೇಕ್ರಿ. ಇಪ್ಪತ್ನಾಕು ವರ್ಷದ್ದು ರೂಲು. ನಿಮಗೇನು ಹೊಸದಲ್ಲ."

ಅಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಕುರ್ಚಿ ಸರಿಸಿದ. "ಬರ್ರಿ ಗೌಡ್ರ, ಕುಂಡ್ರಿ. ಯಾರು ತೀರ್ಕೊಂಡ್ರು?"

ಊರಿಗೆಲ್ಲ ಗೊತ್ತು, ಗೌಡನ ಚಿಕ್ಕಪ್ಪ ಸತ್ತದ್ದು. ಅಪ್ಪನಿಗೂ ಗೊತ್ತು. ಆದರೂ ಕೇಳುತ್ತಾನೆ. ಎಲ್ಲರನ್ನೂ ಕೇಳುತ್ತಾನೆ. ಅವರ ಬಾಯಿಂದಲೇ ಬರಬೇಕು.

ಗೌಡ ಹೇಳಿದ. ಹೆಸರು, ವಯಸ್ಸು, ಮಣ್ಣು ಎಷ್ಟು ಗಂಟೆಗೆ. ಟೈಪ್ ಮಾಡಿದೆ. ಐದು ನಿಮಿಷದಲ್ಲಿ ದೇಶನೂರಿನ ಮುನ್ನೂರ ನಲವತ್ತು ಮನೆಯ ಟಿವಿಯಲ್ಲಿ ನೀಲಿ ಪಟ್ಟಿ ಓಡಿತು. ಕೇರಿಯ ಹೆಣಕ್ಕೂ ಅದೇ ಪಟ್ಟಿ, ಗೌಡರ ಹೆಣಕ್ಕೂ ಅದೇ. ಅಕ್ಷರದ ಸೈಜು ಒಂದೇ.

ಸೆಪ್ಟೆಂಬರ್ 9

ದಿನಾ ಬರಿ ಅಂತ ನಮ್ಮ ದಲಿತ ಸಂಘ ಕಲಿಸಿತು. ಬರೆಯದವರ ಇತಿಹಾಸವನ್ನು ಬೇರೆಯವರು ಬರೆಯುತ್ತಾರೆ ಅಂತ. ಅದಕ್ಕೆ ಇದನ್ನೂ ಬರೆದಿಡುತ್ತೇನೆ, ನಿನ್ನೆ ಗೌಡನ ಮುಖ ನೋಡಿ ನೆನಪಾಯಿತು.

ಆಗ ನನಗೆ ಹನ್ನೊಂದು. ಮೇಲಿನ ಓಣಿಯಲ್ಲಿ ಯಾರು ಸತ್ತರೂ ನೆಂಟರ ಊರಿಗೆ ಸುದ್ದಿ ಮುಟ್ಟಿಸುವುದು ಅಪ್ಪನ ಪಾಲಿನ ಬಿಟ್ಟಿ ಚಾಕರಿ. ಅಪ್ಪನ ಹೆಸರು ಓಬಣ್ಣ; ಓಬಣ್ಣ ಬಂದ ಅಂದರೆ ಊರೂರಲ್ಲಿ ಎದೆ ಧಸಕ್ ಅನ್ನುತ್ತಿತ್ತಂತೆ. ಹಾಲಸಿದ್ದಪ್ಪನ ಅಜ್ಜ ಸತ್ತಾಗ ಕುರುಗೋಡಿಗೆ ಸೈಕಲ್ ಮೇಲೆ ಹೋದ. ಮುಂದಿನ ಕಂಬಿಯ ಮೇಲೆ ನಾನು. ಆ ಮನೆಯ ಅಂಗಳದ ಹೊರಗೆ ನಿಂತು ಸುದ್ದಿ ಹೇಳಿದ. ಒಳಗೆ ಅಳು ಎದ್ದಿತು. ಒಬ್ಬ ಹೆಂಗಸು ಬಕೆಟ್ ಹಿಡಿದು ಬಂದಳು. ಕುಡಿಯಲು ನೀರು ಅಂದುಕೊಂಡೆ. ಅಪ್ಪ ನಿಂತ ಜಾಗಕ್ಕೆ ಸಗಣಿ ನೀರು ಹಾಕಿದಳು. ಅಪ್ಪ ಇನ್ನೂ ಅಲ್ಲೇ ನಿಂತಿದ್ದ.

ಅದೇ ಕೊನೆ. ಮತ್ತೆ ಹೋಗಲಿಲ್ಲ. ಅದಕ್ಕೆ ಮೇಲಿನ ಓಣಿಯವರು ಮೂರು ವರ್ಷ ಕೇರಿಯವರಿಗೆ ಗದ್ದೆ ಕೆಲಸ ಕೊಡಲಿಲ್ಲ. ನಾವು ಸಾಯಲಿಲ್ಲ. 2001ರಲ್ಲಿ ಸಂಘದವರು ಡಿಶ್ ತಂದು ಅಂಬೇಡ್ಕರ್ ಭವನದ ಪಕ್ಕದ ಈ ಕೋಣೆಯ ಮೇಲೆ ನಿಲ್ಲಿಸಿದರು. ನೀರು ಊರಿಂದ ಕೇರಿಗೆ ಬರುತ್ತದೆ, ಅವರು ಬಿಟ್ಟಾಗ. ಚಿತ್ರ ಕೇರಿಯಿಂದ ಊರಿಗೆ ಹೋಯಿತು, ನಾವು ಬಿಟ್ಟಾಗ. ಸಾವಿನ ಸುದ್ದಿ ಇನ್ನು ನಾವು ಹೊರುವುದಿಲ್ಲ, ನೀವೇ ತನ್ನಿರಿ — ಆ ರೂಲು ಅಪ್ಪನದು.

ಸೆಪ್ಟೆಂಬರ್ 15

ಫೋನ್ ಕಂಪನಿಯವನು ಬಂದಿದ್ದ. ಬಳ್ಳಾರಿ ಏರಿಯಾ ಮ್ಯಾನೇಜರ್, ಸತ್ಯಾತ್ಮ ಅಂತ. ಇಸ್ತ್ರಿ ಅಂಗಿ, ಮೆತ್ತಗಿನ ಮಾತು. ಮೆತ್ತಗಿನ ಮಾತಿಗೆ ನನಗೆ ಹೆದರಿಕೆ ಜಾಸ್ತಿ.

"ಒಂದೇ ವೈರ್ ಮೇಡಂ. ಫೋನು, ನೆಟ್ಟು, ಟಿವಿ, ಸಿನೆಮಾ, ಎಲ್ಲಾ ಅದರಾಗೇ ಬರ್ತದ. ನೀವು ನಮ್ಮ ಪಾರ್ಟ್ನರ್ ಆಗ್ರಿ. ನಿಮ್ಮಂಥವರಿಗೆ ಛಲೋ ಅವಕಾಶ."

"ನಮ್ಮಂಥವರು ಅಂದ್ರ?"

"ಅಂದ್ರ... ಸಣ್ಣ ಆಪರೇಟರ್ಸು."

ಮೊದಲು ಸಿಮ್ಮು ಬಿಟ್ಟಿ ಹಂಚಿದರು. ಆಮೇಲೆ ನೆಟ್. ಈಗ ಟಿವಿಗೆ ಕೈ ಹಾಕಿದ್ದಾರೆ. ಫೋನಿನವನು, ಟಿವಿಯವನು, ಪೇಪರಿನವನು ಬೇರೆ ಬೇರೆ ಇದ್ದಾಗ ಒಬ್ಬ ಮುಚ್ಚಿದರೆ ಇನ್ನೊಬ್ಬನ ಬಾಗಿಲು ತಟ್ಟಬಹುದಿತ್ತು. ಮೂವರೂ ಒಬ್ಬನೇ ಆದರೆ? ಅದನ್ನೇ ಕೇಳಿದೆ. ನಕ್ಕ.

ನೀಲಿ ಪಟ್ಟಿ ಏನಾಗುತ್ತದೆ ಅಂತ ಕೇಳಿದೆ.

"ಅದು ಇರ್ತದ ಮೇಡಂ. ಇನ್ನೂ ಛಂದ ಇರ್ತದ. ಟಿವಿಯಾಗೂ ಬರ್ತದ, ಮೊಬೈಲಿನಾಗೂ ಬರ್ತದ. ಯಾರೂ ಫೋಟೋ ಹಿಡ್ಕೊಂಡು ಇಲ್ಲೀತನಕ ಬರೋದು ಬ್ಯಾಡ."

ಅಪ್ಪ ಮೆಟ್ಟಿಲಿಂದಲೇ ಹೇಳಿದ: "ಬರೋದು ಬೇಕಪ್ಪಾ. ಅದ ಬೇಕಾಗಿರೋದು."

ಅವನಿಗೆ ಅರ್ಥವಾಗಲಿಲ್ಲ. ಚಹಾ ಕುಡಿದ. ಪೂರ್ತಿ ಕುಡಿದ. ಅದನ್ನೂ ಬರೆಯಬೇಕು.

ಸೆಪ್ಟೆಂಬರ್ 26

ಸಿರುಗುಪ್ಪದಲ್ಲಿ ಆಪರೇಟರುಗಳ ಮೀಟಿಂಗ್. ಹತ್ತೊಂಬತ್ತು ಜನ, ಹೆಂಗಸು ನಾನೊಬ್ಬಳೇ. ಬಳ್ಳಾರಿ ಬ್ರೂಸ್‌ಪೇಟೆಯ ದೊಡ್ಡ ಕಂಟ್ರೋಲ್ ರೂಮ್ — ನಮಗೆಲ್ಲ ಚಾನೆಲ್ ಬರುವುದು ಅಲ್ಲಿಂದ — ಕಂಪನಿಗೆ ಮಾರಿಕೊಂಡಿದೆ. ತಿಂಗಳ ಕೊನೆಗೆ ಫೀಡ್ ಬಂದ್. ಹಗ್ಗ ಕೊಯ್ದು ಆಮೇಲೆ ಈಜುತ್ತೀಯಾ ಅಂತ ಕೇಳುವ ಜಾತಿ.

ಎದ್ದು ನಿಂತು ಮಾತಾಡಿದೆ. ಧರಣಿ ಕೂರೋಣ, ಡಿಸಿ ಆಫೀಸ್ ಮುಂದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಸಂಜೆ ಹೊತ್ತಿಗೆ ಹದಿನೇಳು ಜನ ಕಂಪನಿಯ ಕರಾರಿಗೆ ಸಹಿ ಹಾಕಿದ್ದರು.

ಉಳಿದವರು ಇಬ್ಬರು. ನಾನು, ಕುರುಗೋಡಿನ ಜಂಬುನಾಥ. ಅವನು ಉಳಿದದ್ದು ಹೋರಾಟಕ್ಕಲ್ಲ, ಊಟಕ್ಕೆ ಹೋಗಿದ್ದ.

ಸೆಪ್ಟೆಂಬರ್ 29

ಹಾಕಿದೆ. ಸಹಿ ಅಂತಲೂ ಇಲ್ಲ, ಫೋನಿಗೆ ಆರು ನಂಬರ್ ಬಂತು, ಓದಿ ಹೇಳಿದೆ. ನಲವತ್ತೆಂಟು ಪುಟದ ಕರಾರನ್ನು ಎರಡು ದಿನ ಕೂತು ಓದಿದವಳು ನಾನೊಬ್ಬಳೇ ಇರಬೇಕು. ಪುಟ ಮೂವತ್ತೊಂದು: "ಸ್ಥಳೀಯ ಪ್ರಕಟಣೆಗಳನ್ನು ಸಂಬಂಧಿಸಿದ ಗ್ರಾಹಕರಿಗೆ ಮುಂದುವರಿಸಲಾಗುವುದು." ಅಷ್ಟು ಸಾಕು ಅಂದುಕೊಂಡೆ.

ಅಪ್ಪನಿಗೆ ಹೇಳಿದೆ. ಎದ್ದು ಮೆಟ್ಟಿಲಿಂದ ಕುರ್ಚಿ ಒಳಗಿಟ್ಟ.

ಅಕ್ಟೋಬರ್ 6

ಕಂಪನಿಯ ಫಾರಂ ತುಂಬುವ ಕೆಲಸ. ಮುನ್ನೂರ ನಲವತ್ತು ಮನೆ. ಹೆಸರು, ಫೋನು, ಎಷ್ಟು ಜನ, ಯಾವ ಭಾಷೆ, ಏನು ನೋಡುತ್ತಾರೆ. ಮತ್ತೊಂದು ಕಾಲಂ — ಸಮುದಾಯ.

ಜಂಬುನಾಥ ಫೋನ್ ಮಾಡಿದ. "ಅದೊಂದು ಕಾಲಂ ಖಾಲಿ ಬಿಡವ್ವಾ. ಬೇಕ ಬೇಕು ಅಂತೇನಿಲ್ಲಂತ. ಎಲ್ಲಾರೂ ಬಿಟ್ಟಾರ."

"ಯಾಕ ಬಿಡಬೇಕು? ಜಾತಿ ಕೇಳಿದ್ರ ನಿನಗ ನಾಚಿಕಿ ಬರ್ತತೇನು?"

"ನಾಚಿಕಿ ಅಲ್ಲವ್ವ, ಬ್ಯಾಸರ. ಬೆರಳು ನೋಯ್ತಾವು."

ಬೈದೆ. ಖಾಲಿ ಬಿಡುವುದೇ ಮೇಲಿನವರ ಆಟ. ಅವರಿಗೆ ಜಾತಿ ಇಲ್ಲ, ನಮಗೆ ಮಾತ್ರ ಇದೆ ಅನ್ನುವಂತೆ. ಸರ್ಕಾರದ ಸಮೀಕ್ಷೆಗೆ ಮನೆ ಮನೆ ತಿರುಗಿ ಹೇಳಿದವಳು ನಾನು: ಮುಚ್ಚಿಡಬೇಡಿ, ಬರೆಸಿ, ಎಣಿಕೆಗೆ ಬನ್ನಿ. ಎಣಿಕೆಗೆ ಬಾರದವನಿಗೆ ಪಾಲೂ ಇಲ್ಲ. ಇಲ್ಲಿ ಬಾಯಿ ಮುಚ್ಚುತ್ತೇನೆಯೇ? ಗೌಡನ ಮನೆಗೆ ಹೋದಾಗ ಮುಖ ನೋಡಿಯೇ ಕೇಳಿದೆ, "ಜಾತಿ ಯಾವುದ್ರಿ ನಿಮ್ಮದು?" ಇಪ್ಪತ್ತು ತಲೆಮಾರು ನಮ್ಮನ್ನು ಕೇಳಿದ್ದಾರೆ. ಒಂದು ಸಲ ಅವರು ಹೇಳಲಿ.

ನಾಲ್ಕು ದಿನ ತಿರುಗಿದೆ. ಒಂದು ಮನೆ ಬಿಡಲಿಲ್ಲ. ನೂರಕ್ಕೆ ನೂರು.

ಅಕ್ಟೋಬರ್ 21

ಹೊಸ ವೈರ್ ಎಳೆದರು. ದಪ್ಪ ಪೆಟ್ಟಿಗೆ — ಅಲ್ಲಿಂದಲೇ ಊರಿಗೆಲ್ಲ ಹಂಚಿಕೆ — ಗೌಡರ ಕಟ್ಟಡದ ಮೇಲೆ. ಯಾಕೆ ಅಂದರೆ ಅಲ್ಲಿ ಜನರೇಟರ್ ಇದೆಯಂತೆ. ಕೇರಿ ಲೈನಿನ ಕೊನೆ. ನೀರಿನಂತೆ.

ದುರ್ಗೇಶನಿಗೆ ಕಂಪನಿಯ ಅಂಗಿ ಕೊಟ್ಟಿದ್ದಾರೆ, ಬೆನ್ನ ಮೇಲೆ ಹೆಸರು. ಕನ್ನಡಿ ಮುಂದೆ ತಿರುಗಿ ತಿರುಗಿ ನೋಡಿಕೊಂಡ. "ಹೆಂಗ ಕಾಣ್ತೀನಿ ಯಕ್ಕಾ?"

"ಕಂಬದಂಗ ಕಾಣ್ತಿ. ಯಾರ ಬೇಕಾದ್ರೂ ವೈರ್ ಕಟ್ಟಬಹುದು."

ಬೇಜಾರು ಮಾಡಿಕೊಂಡ. ನಾನು ಹೀಗೆ ಅನ್ನಬಾರದಿತ್ತು.

ನವೆಂಬರ್ 9

ಜಡೆಮ್ಮಜ್ಜಿ ಹೋದಳು. ನಸುಕಿಗೆ. ಎಂಬತ್ತು ದಾಟಿತ್ತು.

ಕೇರಿಯ ಸೂಲಗಿತ್ತಿ. ಕೇರಿಯದಷ್ಟೇ ಅಲ್ಲ, ಸಿರುಗುಪ್ಪಕ್ಕೆ ಒಳ್ಳೆ ರಸ್ತೆ ಆಗುವ ತನಕ ಮೇಲಿನ ಓಣಿಯ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಅಂಗೈಗೆ. ಹಾಲಸಿದ್ದಪ್ಪನೂ. ಹಿತ್ತಲ ಬಾಗಿಲಿಂದ ಕರೆಸಿ, ಹಿತ್ತಲ ಬಾಗಿಲಿಂದ ಕಳಿಸುತ್ತಿದ್ದರು. ಅಜ್ಜಿ ನಗುತ್ತಿದ್ದಳು: "ಮುಂದಿನ ಬಾಗಿಲಿಗೆ ಬಂದವ್ರು ಯಾರೂ ಅವರನ್ನ ನಾ ನೋಡಿದಂಗ ನೋಡಿಲ್ಲ ಬಿಡು."

ಆರೂವರೆಗೆ ಕಂಪನಿಯ ಆ್ಯಪ್‌ನಲ್ಲಿ ಹಾಕಿದೆ. ಫೋಟೋ, ಹೆಸರು. "ಮಣ್ಣು ಮಧ್ಯಾಹ್ನ ಎರಡಕ್ಕೆ." ನಮ್ಮ ಟಿವಿಯಲ್ಲಿ ಬಂತು. ದೊಡ್ಡದಾಗಿ, ಬಣ್ಣದಲ್ಲಿ. ಫೋನಿನಲ್ಲೂ ಟಿಂಗ್ ಅಂತು. ಸತ್ಯಾತ್ಮ ಸುಳ್ಳು ಹೇಳಿರಲಿಲ್ಲ ಅಂದುಕೊಂಡೆ.

ಅದೇ ದಿನ, ಸಂಜೆ 5

ಮಣ್ಣಾಯಿತು. ಮೇಲಿನ ಓಣಿಯಿಂದ ಒಂದು ನರಪಿಳ್ಳೆ ಬರಲಿಲ್ಲ. ಒಬ್ಬರೂ. ಎರಡಕ್ಕೆ ಅಂದದ್ದನ್ನು ಮೂರರ ತನಕ ಕಾದೆವು.

ನೀಲಿ ಪಟ್ಟಿ ಇದ್ದಾಗ ಬರುತ್ತಿದ್ದರು. ದೂರ ನಿಲ್ಲುತ್ತಿದ್ದರು, ಆದರೂ ಬರುತ್ತಿದ್ದರು. ಕಂಡ ಮೇಲೆ ಬಾರದಿದ್ದರೆ ನಾಲ್ಕು ಜನ ಏನಂದಾರು ಅಂತಲಾದರೂ. ಈಗ ಆ ಮುಲಾಜೂ ಸತ್ತಿತು. ಥೂ. ಇವರ ಹೊಕ್ಕುಳ ಕೊಯ್ದ ಕೈಗೆ ಒಂದು ಹಿಡಿ ಮಣ್ಣು ಹಾಕುವ ಯೋಗ್ಯತೆ ಇಲ್ಲ.

ನವೆಂಬರ್ 10

ಗೌಡ ಎದುರು ಸಿಕ್ಕ. "ಆರಾಮೇನವಾ" ಅಂದ. ಮುಖ ತಿರುಗಿಸಿದೆ.

ನವೆಂಬರ್ 19

ನಡೆದದ್ದನ್ನು ನೆಟ್ಟಗೆ ಬರೆಯುತ್ತೇನೆ.

ಪೋಸ್ಟಾಫೀಸ್ ಹತ್ತಿರ ವಿಜಯಾಬಾಯಿ ಟೀಚರ್ ಸಿಕ್ಕರು. ಮೇಲಿನ ಓಣಿಯಲ್ಲಿ ಮೂವತ್ತು ವರ್ಷದಿಂದ ಇದ್ದಾರೆ. ಅವರ ಮಗಳು ಶ್ರೀಕೃತಿ ಹುಟ್ಟಿದ್ದೂ ಜಡೆಮ್ಮಜ್ಜಿಯ ಕೈಯಲ್ಲೇ, ಹೊರಗೆ ಬಸ್ ಬಂದ್ ಇದ್ದ ದಿನ. ಕೈಯಲ್ಲಿ ಲಗ್ನಪತ್ರಿಕೆ.

"ಶ್ರೀಕೃತಿದು ಲಗ್ನ ಗೊತ್ತಾಗೇದ ನೋಡೇ. ಜಡೆಮ್ಮಗ ಮೊದಲು ಕೊಡಬೇಕಂತ ಮಾಡೀನಿ. ಹ್ಯಾಂಗಿದ್ದಾಳ? ಮಂಡಿನೋವು ಕಡಿಮಿ ಆತೇನು?"

ನನಗೆ ಸಿಟ್ಟು ನೆತ್ತಿಗೇರಿತು. "ಹತ್ತು ದಿನ ಆತು ಟೀಚರ್ ಮಣ್ಣಾಗಿ. ಎಲ್ಲಾರ ಟಿವಿಯಾಗೂ ಬಂದಿತ್ತು. ನಾಟಕ ಯಾಕ?"

ಅವರು ಅಲ್ಲೇ ಕಟ್ಟೆ ಹಿಡಿದು ಕೂತರು. ಪತ್ರಿಕೆ ಕೈಯಿಂದ ಜಾರಿತು. ಆಮೇಲೆ ಹೇಳಿದರು: "ನಮ್ಮನೀ ಟಿವಿಯಾಗ ಬಂದಿಲ್ಲಲ್ಲೇ. ದಿನಾ ಏಳಕ್ಕ ಹಚ್ಚತೀನಿ ನಾ. ಒಂದು ಮಾತು ಬಂದು ಹೇಳಬಾರದಿತ್ತೇನು ನೀನು?"

ಫೋನ್ ಇಸಿದುಕೊಂಡೆ. ಆ್ಯಪ್ ತೆಗೆದೆ. ಊರಿನ ಪ್ರಕಟಣೆಗಳು. ಅವರ ಫೋನಿನಲ್ಲಿ ಮಠದ ಆರಾಧನೆ ಇದೆ, ಬಳ್ಳಾರಿ ಗಾಂಧಿನಗರದ ಯಾರದೋ ಉಪನಯನ ಇದೆ. ಜಡೆಮ್ಮ ಇಲ್ಲ. ನನ್ನ ಫೋನ್ ತೆಗೆದೆ. ಜಡೆಮ್ಮ ಇದ್ದಾಳೆ. ಆರಾಧನೆ ಇಲ್ಲ.

ಇಬ್ಬರ ಫೋನೂ ಅಕ್ಕಪಕ್ಕ ಇಟ್ಟು ನೋಡಿದೆವು. ಒಂದೇ ಊರು. ಒಂದೇ ವೈರು.

ನವೆಂಬರ್ 21

ಬಳ್ಳಾರಿ. ಪಾರ್ವತಿನಗರದ ಆಫೀಸ್. ಒಳಗೆ ಚಳಿ, ಹೊರಗೆ ಕೆಂಪು ಧೂಳು. ಸತ್ಯಾತ್ಮ ಎದ್ದು ನಿಂತು ಬರಮಾಡಿಕೊಂಡ.

"ನಿಮಗ ಸರ್ಟಿಫಿಕೇಟ್ ರೆಡಿ ಮಾಡಸ್ಲಿಕ್ಕತ್ತೇನಿ ಮೇಡಂ. ಜಿಲ್ಲಾದಾಗ ಬೆಸ್ಟ್ ಪಾರ್ಟ್ನರ್." ಸ್ಕ್ರೀನ್ ತಿರುಗಿಸಿದ. ನಕ್ಷೆ. ಎಲ್ಲಾ ಊರು ಬೂದಿ ಬಣ್ಣ. ದೇಶನೂರು ಒಂದೇ ಹಸಿರು. "ಉಳಿದವರೆಲ್ಲ ಸಮುದಾಯದ ಕಾಲಂ ಖಾಲಿ ಬಿಟ್ಟಾರ. ನೀವೊಬ್ಬರೇ ಪೂರ್ತಿ ತುಂಬೀರಿ."

"ತುಂಬಿದ್ರ ಏನಾಕ್ಕತಿ?"

"ಖಾಲಿ ಇದ್ದಲ್ಲಿ ಪ್ರಕಟಣೆ ಎಲ್ಲಾರಿಗೂ ಹೋಗಿಬಿಡ್ತದ, ಸುಮ್ನ. ತುಂಬಿದ್ದಲ್ಲಿ ಕರೆಕ್ಟಾಗಿ ಸಂಬಂಧಪಟ್ಟವರಿಗೆ ಅಷ್ಟೇ ಹೋಗ್ತದ."

"ಸಂಬಂಧಪಟ್ಟವರು ಅಂದ್ರ ಯಾರು?"

"ಅದೇ... ಅವರವರ ಜನ."

"ಜಡೆಮ್ಮ ಹೆರಿಗಿ ಮಾಡಿಸಿದ ಕೂಸುಗಳು ಯಾರ ಜನ?"

ಸ್ಕ್ರೀನ್ ತನ್ನ ಕಡೆ ತಿರುಗಿಸಿಕೊಂಡ. "ಸಿಸ್ಟಮ್‌ಗೆ ಅದು ತಿಳಿಯಂಗಿಲ್ಲ ಮೇಡಂ."

"ಅಳಿಸ್ರಿ. ಖಾಲಿ ಮಾಡ್ರಿ ಆ ಕಾಲಂ."

"ಒಮ್ಮೆ ತುಂಬಿದ್ದು ಖಾಲಿ ಆಗಂಗಿಲ್ಲ. ಬದಲಿ ಮಾಡಬಹುದು, ಅಷ್ಟೇ. ನಿಮ್ಮ ಲಾಗಿನ್ ಡಿಸೆಂಬರ್ ಕೊನೀತನಕ ನಡೀತದ. ತಪ್ಪು ಏನರ ಇದ್ರ ತಿದ್ರಿ."

ಸರ್ಟಿಫಿಕೇಟಿಗೆ ನನ್ನ ಹೆಸರಿನ ಸ್ಪೆಲಿಂಗ್ ಕೇಳಿದ. ಸಂಘಮಿತ್ರಾ. ಬರೆದುಕೊಟ್ಟು ಬಂದೆ. ಯಾಕೆ ಬರೆದುಕೊಟ್ಟೆ?

ವಾಪಸ್ ಬರುವಾಗ ಕುರುಗೋಡಿನಲ್ಲಿ ಗಾಡಿ ನಿಲ್ಲಿಸಿದೆ. ಜಂಬುನಾಥನ ಅಂಗಡಿ. ಟಿವಿ ಹಚ್ಚಿ ತೋರಿಸಿದ — ಕುರುಗೋಡಿನ ಕೇರಿಯ ಸಾವು, ಪೇಟೆಯ ಸಾವು, ಒಂದರ ಕೆಳಗೊಂದು ಎಲ್ಲರಿಗೂ.

"ನಿಮ್ಮ ಸಂಘದವ್ರು ಓದ್ಕೊಂಡವ್ರವ್ವ. ನಮಗ ಬರಿಯಾಕ ಬ್ಯಾಸರ. ಬ್ಯಾಸರ ಮಾಡ್ಕೊಂಡಿದ್ದ ಛಲೋ ಆತು ನೋಡು."

ಹೊಡೆಯಬೇಕು ಅನ್ನಿಸಿತು. ಯಾರನ್ನು?

ಆ ಮನೆಯ ಮುಂದೆ ಹಾದು ಬಂದೆ. ಈಗ ಅಂಗಳಕ್ಕೆ ಟೈಲ್ಸ್ ಹಾಕಿದ್ದಾರೆ. ಅಂದು ಅವರಿಗೆ ಬಕೆಟ್ ಬೇಕಿತ್ತು, ಸಗಣಿ ಬೇಕಿತ್ತು, ಒಬ್ಬ ಹೆಂಗಸಿನ ತೋಳು ಬೇಕಿತ್ತು. ಇಂದು ಏನೂ ಬೇಡ. ಅಪ್ಪ ಅಂಗಳದ ತನಕ ಬರುವುದೇ ಇಲ್ಲ. ದಾರಿಯನ್ನೇ ಅಳಿಸಿದ್ದಾರೆ. ದಾರಿ ಅಳಿಸಲು ಊರ ನಕ್ಷೆ ಬರೆದುಕೊಟ್ಟವಳು ನಾನು. ಮನೆ ಮನೆ ತಿರುಗಿ. ಹೆಮ್ಮೆಯಿಂದ.

ನವೆಂಬರ್ 22

ಬರೆಯಲು ಮನಸ್ಸಿಲ್ಲ.

ನವೆಂಬರ್ 27

"ಬದಲಿ ಮಾಡಬಹುದು." ಅವನೇ ಹೇಳಿದ ಮಾತು. ಆರು ದಿನದಿಂದ ಅದೇ ಕಿವಿಯಲ್ಲಿ.

ಅಪ್ಪನಿಗೆ ಎಲ್ಲಾ ಹೇಳಿದೆ. ಗೌಡರ ಮನೆಗೆ ಅವರದು, ಟೀಚರ್ ಮನೆಗೆ ಅವರದು, ನಮಗೆ ನಮ್ಮದು ಅಂತ ಹಂಚಿದ್ದು. ತುಂಬಿದ್ದು ನಾನೇ ಅಂತಲೂ. ಅಪ್ಪ ಬೀಡಿ ಆರಿಸಿದ.

"ಈಗೇನು ಮಾಡ್ತಿ?"

"ಮುನ್ನೂರ ನಲವತ್ತು ಮನಿಗೂ ಒಂದ ಜಾತಿ ಬರೀತೀನಿ."

"ಯಾವುದು?"

"ನಮ್ಮದು. ಎಸ್‌ಸಿ."

ಅಪ್ಪ ನಕ್ಕ. ಕೆಮ್ಮು ಬರುವ ತನಕ ನಕ್ಕ. "ಗೌಡ ಒಪ್ತಾನೇನು?"

"ನಮ್ಮನ್ನ ಯಾರು ಕೇಳಿ ಬರದಿದ್ರು?"

ಜಾತಿಯನ್ನು ಸುಳ್ಳು ಬರೆಯಬಾರದು ಅಂತ ಸಂಘ ಕಲಿಸಿತು. ಅದು ಪಾಲು ಕೇಳುವ ಎಣಿಕೆಗೆ. ಇದು ಎಣಿಕೆಯಲ್ಲ, ಬೇಲಿ. ಬೇಲಿಗೆ ಸತ್ಯ ಹೇಳುವ ಋಣ ನನಗಿಲ್ಲ. ಕೇಸ್ ಬೀಳಬಹುದು. ಲಾಗಿನ್ ಹೋಗಬಹುದು. ಇನ್ನು ಕಳೆದುಕೊಳ್ಳಲು ಉಳಿದಿರುವುದು ಅದೊಂದೇ.

ನವೆಂಬರ್ 29

ನಿನ್ನೆ, ಇಂದು. ಹಗಲಿಡೀ. ಅಪ್ಪನಿಗೆ ಸಣ್ಣ ಅಂಕಿ ಕಾಣುವುದಿಲ್ಲ, ಮನೆ ಮನೆಯ ಟಿವಿ ಬಾಕ್ಸ್ ನಂಬರ್ ಯಾರು ಓದಬೇಕು? ದುರ್ಗೇಶ ಬಂದ. ಸ್ಕ್ರೀನ್ ನೋಡಿದ. ಅರ್ಥವಾಯಿತು.

"ಯಕ್ಕಾ, ನನ್ನ ಕೆಲ್ಸ ಹೋಗ್ತತಿ."

"ಹೊರಗ ಹೋಗು. ನೀ ನೋಡಿಲ್ಲ."

ಬಾಗಿಲ ತನಕ ಹೋದ. ಕಂಪನಿಯ ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ಬನಿಯನ್ ಮೇಲೆ ಬಂದು ಕೂತು ಓದತೊಡಗಿದ. ಒಂದು, ಎರಡು, ಮೂರು... ಹಾಲಸಿದ್ದಪ್ಪನ ನಂಬರ್ ಬಂದಾಗ ತಡೆದು, "ಇವ್ರನ್ನ ನಮ್ಮೊಳಗ ತಗೋಬೇಕಾ ಯಕ್ಕಾ? ಸ್ವಲ್ಪ ವಿಚಾರ ಮಾಡು" ಅಂದ. ಮೂವರೂ ನಕ್ಕೆವು. ಎಷ್ಟು ದಿನ ಆಗಿತ್ತು.

ನಾಲ್ಕೂವರೆಗೆ ಮುಗಿಯಿತು. ದೇಶನೂರಿನಲ್ಲಿ ಈಗ ಒಂದೇ ಜಾತಿ.

ಜಡೆಮ್ಮಜ್ಜಿಯ ಪ್ರಕಟಣೆ ಮತ್ತೆ ಹಾಕಿದೆ. "ಸೂಲಗಿತ್ತಿ ಜಡೆಮ್ಮ ನಮ್ಮನ್ನು ಅಗಲಿ ಇಪ್ಪತ್ತು ದಿನ. ನಿಮ್ಮನ್ನು ಮೊದಲು ಎತ್ತಿಕೊಂಡವಳು."

ಡಿಸೆಂಬರ್ 1

ಬರುತ್ತಿದ್ದಾರೆ. ನಿನ್ನೆ ಟೀಚರ್, ಮಗಳ ಜೊತೆ. ಇಂದು ಮೇಲಿನ ಓಣಿಯ ಏಳೆಂಟು ಹೆಂಗಸರು, ಸೆರಗಿನಲ್ಲಿ ಬಾಳೆಹಣ್ಣು. ಜಡೆಮ್ಮಜ್ಜಿಯ ಕಟ್ಟೆ ಮೇಲೆ ಕೂತರು. ಒಬ್ಬಳು ಗದರಿಸಿಯೇ ಕೇಳಿದಳು, "ಯಾಕ ಹೇಳಲಿಲ್ಲ ನಮಗ?" ಅಜ್ಜಿಯ ಸೊಸೆ ನನ್ನ ಕಡೆ ನೋಡಿದಳು.

ಎಲ್ಲರೂ ಬಂದರು ಅಂತಲ್ಲ. ಬರಬಾರದು ಅಂತ ಇದ್ದವರು ಬರಲಿಲ್ಲ. ಆದರೆ ಈಗ ಗೊತ್ತಿದ್ದೂ ಬರಲಿಲ್ಲ. ಆ ವ್ಯತ್ಯಾಸ ನನಗೆ ಬೇಕಿತ್ತು. ಬೈಯಬೇಕಾದವರನ್ನು ಸರಿಯಾಗಿ ಬೈಯಲಿಕ್ಕೆ.

ಕಂಪನಿಗೆ ಇನ್ನೂ ತಿಳಿದಿಲ್ಲ. ನಕ್ಷೆಯಲ್ಲಿ ನಾವು ಹಸಿರೇ.

ಡಿಸೆಂಬರ್ 6, ಬೆಳಿಗ್ಗೆ 7.20

ಬಾಬಾಸಾಹೇಬರ ಪರಿನಿರ್ವಾಣ ದಿನ. ಭವನದಲ್ಲಿ ಹಾರ ಹಾಕಿ ಬಂದು ಟಿವಿ ಹಚ್ಚಿದೆ. ಚಾನೆಲ್ ಬರುವ ಮೊದಲು ಪರದೆ ಪೂರ್ತಿ ನೀಲಿ. ಬಾಬಾಸಾಹೇಬರ ದೊಡ್ಡ ಚಿತ್ರ. ಕೆಳಗೆ ಕಂಪನಿಯ ಗುರುತು, ಅದರ ಕೆಳಗೆ: "ನಮ್ಮ ಎಸ್‌ಸಿ ಸಮುದಾಯದ ಗ್ರಾಹಕ ಬಂಧುಗಳಿಗೆ ಮಹಾಪರಿನಿರ್ವಾಣ ದಿನದ ಶುಭಾಶಯಗಳು. ನಿಮಗಾಗಿಯೇ ವಿಶೇಷ ಡೇಟಾ ಕೊಡುಗೆ."

ಸಾವಿನ ದಿನಕ್ಕೆ ಶುಭಾಶಯ. ನಮ್ಮ ದುಃಖ ಯಾವುದು, ಹಬ್ಬ ಯಾವುದು ಅಂತ ತಿಳಿಯದ ನನ್ನ ಮಕ್ಕಳು ನಮ್ಮನ್ನು ಗುರುತು ಹಚ್ಚಿ ಬೇರೆ ಮಾಡಲು ಮಾತ್ರ ಕಲಿತಿದ್ದಾರೆ. ರಿಮೋಟ್ ಒತ್ತಿದೆ. ಹೋಗಲಿಲ್ಲ. ಮೂವತ್ತು ಸೆಕೆಂಡ್ ನೋಡಲೇಬೇಕು.

ಆಮೇಲೆ ಹೊಳೆಯಿತು. ಮುನ್ನೂರ ನಲವತ್ತು ಮನೆ.

7.45

ದುರ್ಗೇಶ ಮೇಲಿನ ಓಣಿಯಿಂದ ಓಡಿ ಬಂದ. ಎಲ್ಲಾ ಪಡಸಾಲೆಯಲ್ಲೂ ಬಾಬಾಸಾಹೇಬರಂತೆ. ಒಬ್ಬನು ಟಿವಿಯ ಮೇಲೆ ಟವೆಲ್ ಹಾಕಿದನಂತೆ. ಗೌಡನ ಮನೆಯಲ್ಲಿ ನೆಂಟರಿದ್ದರು — ಕುರುಗೋಡಿನವರು. ಸಗಣಿ ನೀರು ಹಾಕಿದ ಅದೇ ಮನೆಯವರು. "ನಮ್ಮ ಎಸ್‌ಸಿ ಬಂಧುಗಳಿಗೆ" ಅಂತ ದನಿಯೂ ಬಂತಂತೆ, ಮೂರು ಸಲ.

ಟೀಚರ್ ಮಾತ್ರ ಟಿವಿ ಮುಂದೆ ಊದಿನಕಡ್ಡಿ ಹಚ್ಚಿ ಕುಂತಾರ, ಅಂದ.

8.10

ಸತ್ಯಾತ್ಮನ ಫೋನ್. ಮೆತ್ತಗಿನ ದನಿ ಇಲ್ಲ ಈಗ.

"ಏನು ಮಾಡೀರಿ ಮೇಡಂ? ಪೊಲೀಸ್ ಕಂಪ್ಲೇಂಟ್ ಆಗ್ತದ. ಅವರು ಯಾವ ಜನಾಂಗ, ನೀವು ಏನು ಬರ್ದೀರಿ?"

"ನೀವು ತಿದ್ರಿ ಅಂದ್ರಿ. ತಿದ್ದಿದೆ."

"ಈಗಿಂದೀಗ ಮೊದಲಿನಂಗ ಮಾಡ್ರಿ. ಇಲ್ಲಾಂದ್ರ ಮಧ್ಯಾಹ್ನದೊಳಗ ನಿಮ್ಮ ಲಾಗಿನ್ ಬಂದ್."

"ಮೊದಲಿನಂಗ ಅಂದ್ರ, ಖಾಲಿನ? ಅದನ್ನ ಕೇಳಾಕ ಬಂದಿದ್ದೆ. ಆಗಂಗಿಲ್ಲ ಅಂದ್ರಿ."

ಕಟ್ ಮಾಡಿದ.

8.35

ಕಿಟಕಿಯಿಂದ ಕಾಣುತ್ತಿದೆ. ಬರುತ್ತಿದ್ದಾರೆ. ಇಪ್ಪತ್ತು, ಮೂವತ್ತು ಜನ. ಮುಂದೆ ಹಾಲಸಿದ್ದಪ್ಪ. ಇಂದು ಆಳನ್ನು ಕಳಿಸಿಲ್ಲ. ಕೈಯಲ್ಲಿ ಫೋನು, ಮುಂದಕ್ಕೆ ಚಾಚಿ ಹಿಡಿದಿದ್ದಾನೆ. ಹಿಂದೆ ಇಸ್ತ್ರಿ ಪಂಚೆಯ ಮುದುಕ, ಕುರುಗೋಡಿನವನಿರಬೇಕು.

ದುರ್ಗೇಶ ಬಾಗಿಲು ಹಾಕಲು ಬಂದ. ಬೇಡ ಅಂದೆ. ಈ ಬಾಗಿಲು ಇಪ್ಪತ್ನಾಲ್ಕು ವರ್ಷದಿಂದ ಹಗಲು ಹಾಕಿಲ್ಲ.

ಅಪ್ಪ ಒಳಗಿಟ್ಟಿದ್ದ ಕುರ್ಚಿ ತೆಗೆದ. ಪಂಚೆಯ ಚುಂಗಿನಿಂದ ಧೂಳು ಒರೆಸಿದ. ಮೆಟ್ಟಿಲ ಮೇಲೆ, ಅದರ ಹಳೆಯ ಜಾಗದಲ್ಲೇ ಇಟ್ಟ. ಮುದುಕನನ್ನು ನೋಡಿದ. ಗುರುತು ಸಿಕ್ಕಿತೋ ಇಲ್ಲವೋ, ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಕುರ್ಚಿಯನ್ನೂ ತಂದ.

ಮೆಟ್ಟಿಲ ಹತ್ತಿರ ಬಂದು ನಿಂತರು.

"ಬರ್ರಿ ಗೌಡ್ರ, ಕುಂಡ್ರಿ" ಅಂದ ಅಪ್ಪ. "ಯಾರು ತೀರ್ಕೊಂಡ್ರು?"

ಗೌಡ ಬಾಯಿ ತೆರೆದ. ಏನು ಸತ್ತಿತು ಅಂತ ಹೇಳಲಿ. ಅವನ ಬಾಯಿಂದಲೇ ಬರಲಿ, ನಾನು ಬರೆದುಕೊಳ್ಳುತ್ತೇನೆ —